ಎರಡಿಂಚು ಕಮ್ಮಿ

“ಸೊಂಟ ಎರಡಿಂಚು ಕಮ್ಮಿ ಮಾಡ್ಬೇಕಿತ್ತು...”

ಪರದೆಯ ಹಿಂದೆ ಕೂತು ಶರ್ಟಿನ ಗುಂಡಿ ತೂತಿಗೆ ಕಾಜಾ ಹೊಲಿಯುತ್ತಿದ್ದ ನೌಶೀನ್‌ಳ ಬೆರಳಿಗೆ ಸೂಜಿ ಚುಚ್ಚಿತು.

ಅದೇ ಮಾತು! ಅವಳ ಅಣ್ಣ ಮುಜಾಫರ್ ಬೆಂಗಳೂರಿನ ಹಾಸ್ಟೆಲಿನಿಂದ ಪ್ಯಾಂಟಿನ ಜೊತೆ ತಂದೆಗೆ ಬರೆದಿಟ್ಟು ಕಳಿಸುತ್ತಿದ್ದ ಚೀಟಿಯಲ್ಲೂ ಇದೇ ಇರುತ್ತಿತ್ತು. ‘ಅಬ್ಬಾ, ಸೊಂಟ ಎರಡಿಂಚು ಕಮ್ಮಿ ಮಾಡಿ ಕಳಿಸಿ.’ ಅಷ್ಟೇ. ಬೇರೆ ಒಂದಕ್ಷರ ಇಲ್ಲ.

ಆದರೆ ಮುಜಾಫರ್ ತೀರಿಕೊಂಡು ನಾಲ್ಕು ತಿಂಗಳಾಗಿತ್ತು!

ನೋಡಬಾರದು ಅಂದುಕೊಂಡಳು. ಎದ್ದು ಪರದೆ ಸರಿಸಿ ನೋಡಿಯೇಬಿಟ್ಟಳು.

ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಹುಡುಗ ನಿಂತಿದ್ದ. ಗಡ್ಡ ಬೆಳೆದಿತ್ತು. ಕಣ್ಣಿನ ಸುತ್ತ ಕಪ್ಪು. ಬುಧವಾರ, ಕೊಬ್ಬರಿ ಹರಾಜಿನ ದಿನ. ತಿಪಟೂರಿನ ಪೇಟೆ ಬೀದಿಯಲ್ಲಿ ಗಾಡಿ, ಲಾರಿ, ಜನ ಎಲ್ಲ ಕಿಕ್ಕಿರಿದಿತ್ತು. ಅಷ್ಟು ಗಲಾಟೆಯ ನಡುವೆಯೂ ಅವನ ಸುತ್ತ ಯಾರೂ ಇಲ್ಲವೇನೋ ಅನ್ನಿಸುವಂತೆ ನಿಂತಿದ್ದ.

ಅವಳ ತಂದೆ, ಟೈಲರ್ ಮಹಮ್ಮದ್ ಇಸ್ಮಾಯಿಲ್, ಪೇಪರಿನ ಪೊಟ್ಟಣ ಬಿಚ್ಚಿದರು. ದೇಶದ ಚಿನ್ನವನ್ನು ಅಡ ಇಡಲು ವಿಮಾನದಲ್ಲಿ ಹೊರಗೆ ಕಳಿಸಿದ್ದಾರೆ ಅಂತ ದಪ್ಪಕ್ಷರದ ಸುದ್ದಿ ಆ ಪೇಪರಿನಲ್ಲಿತ್ತು. ಅದರೊಳಗೆ ಬೂದು ಬಣ್ಣದ ಪ್ಯಾಂಟು.

ಅವರು ಟೇಪು ಹಿಡಿದು ಅವನ ಸೊಂಟ ಸುತ್ತಿ ನೋಡಿ, ಅಳತೆ ಪುಸ್ತಕ ತೆರೆದರು. “ಹೆಸರು ಹೇಳಪ್ಪ.”

“ಇಮ್ದಾದ್... ತುರುವೇಕೆರೆ.”

ಅಬ್ಬಾನ ಪೆನ್ಸಿಲ್ ನಿಂತಿತು.

ಇಮ್ದಾದ್! ಅಣ್ಣನ ರೂಮ್‌ಮೇಟ್! ಎರಡು ವರ್ಷ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಎಂ.ಎ. ಓದಿದವನು! ಅಣ್ಣನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಹೆಸರು... ಅಣ್ಣ ಹೋದ ದಿನ ಮಾತ್ರ ಎಲ್ಲೂ ಕಾಣದ ಹೆಸರು.

ನಮ್ಮ ನೌಶೀನ್‌ಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. ಗಿರಾಕಿ ಪುಟ್ಟಗಂಗಮ್ಮ ರವಿಕೆ ಬಟ್ಟೆ ಹಿಡಿದು ಅಲ್ಲೇ ಬೆಂಚಿನ ಮೇಲೆ ಕೂತಿದ್ದಾರೆ ಅನ್ನುವುದೂ ಅವಳಿಗೆ ಮರೆತುಹೋಯಿತು.

“ಯಾವ ಮುಖ ಇಟ್ಕೊಂಡು ಬಂದ್ರಿ? ನಮ್ಮ ಭಾಯ್ ಮಣ್ಣಿಗೂ ಬರ್ಲಿಲ್ಲ ನೀವು!”

“ನೌಶೀನ್! ಒಳಗೆ ಹೋಗು!”

ಹುಡುಗ ತಲೆ ಎತ್ತಿದ. ಅವಳನ್ನೊಮ್ಮೆ ನೋಡಿ ಅಬ್ಬಾನ ಕಡೆ ತಿರುಗಿದ.

“ಯಾವತ್ತು ಬರ್ಲಿ ಚಾಚಾ?”

“ಶುಕ್ರವಾರ.”

ಅವನು ಹೊರಟ. ಪುಟ್ಟಗಂಗಮ್ಮ ಲೊಚಗುಟ್ಟಿದರು. “ಪಾಪ, ಟೈಫಾಯ್ಡು ಅಂದ್ರೆ ಹಂಗೇ ಕಣ್ ಸಾಬ್ರೇ. ಎಂಥಾ ಹುಡ್ಗುನ್ನ ತಗಂಡ್ ಹೋಯ್ತು ನೋಡಿ...”

ಅಬ್ಬಾ ತಲೆ ಬಗ್ಗಿಸಿ ಕತ್ತರಿ ಎತ್ತಿಕೊಂಡರು.

ಟೈಫಾಯ್ಡ್! ಇಡೀ ತಿಪಟೂರಿಗೆ ಈ ಮನೆಯವರು ಹೇಳಿದ್ದು ಅದನ್ನೇ. ನಿಜ ಗೊತ್ತಿದ್ದದ್ದು ಅಬ್ಬಾಗೆ, ಅಮ್ಮಿಗೆ, ನೌಶೀನ್‌ಗೆ, ಹಾಸ್ಟೆಲಿನವರಿಗೆ. ಮುಜಾಫರ್ ಕಾಯಿಲೆಯಿಂದ ಸತ್ತಿರಲಿಲ್ಲ. ಬದುಕೋದು ಸಾಕು ಅಂತ ತಾನೇ ತೀರ್ಮಾನ ಮಾಡಿಬಿಟ್ಟಿದ್ದ.

ಇಪ್ಪತ್ಮೂರು ವರ್ಷದ ಹುಡುಗ!

ಆ ವರ್ಷ ದೇಶಕ್ಕೇ ಮಂಕು ಕವಿದಿತ್ತು. ಮೊದಲು ಮುಷ್ಕರ, ಕರ್ಫ್ಯೂ, ಎಂ.ಎ. ಪರೀಕ್ಷೆ ಮುಂದಕ್ಕೆ ಹೋಯಿತು. ಆಮೇಲೆ ದೆಹಲಿಯಲ್ಲಿ ಒಂದು ಸರ್ಕಾರ ಬಿತ್ತು, ಇನ್ನೊಂದು ಬಂತು, ಅದೂ ಬಿತ್ತು. ಪರೀಕ್ಷೆ ಮತ್ತೆ ಮುಂದಕ್ಕೆ. ಕೊಲ್ಲಿಯಲ್ಲಿ ಯುದ್ಧ, ಇಲ್ಲಿ ಸೀಮೆಎಣ್ಣೆಗೆ ಸಾಲು. ಕೆಲಸಕ್ಕೆ ಯಾರನ್ನೂ ತಗೊಳ್ಳುತ್ತಿಲ್ಲ ಅನ್ನುವ ಮಾತು ಹಾಸ್ಟೆಲಿನ ಊಟದ ಮನೆಯಲ್ಲಿ ದಿನಾ ಬೆಳೆಯುತ್ತಿತ್ತು. ಎರಡನೇ ಸಲ ಪರೀಕ್ಷೆ ಮುಂದಕ್ಕೆ ಹೋದ ವಾರ ಮುಜಾಫರ್ ಹೋಗಿಬಿಟ್ಟ. ಮೇ ತಿಂಗಳಲ್ಲಿ ಮೂರನೇ ಸಲ ಮುಂದೂಡಿದಾಗ ಅದನ್ನು ಕೇಳಲು ಅವನಿರಲಿಲ್ಲ.

ಮಣ್ಣಿಗಿಡುವಾಗ ಸುತ್ತುವ ಕಫನ್ ಬಟ್ಟೆ ಕತ್ತರಿಸಿದ್ದು ಅಬ್ಬಾನೇ. ಅವತ್ತು ಅವರು ಅಳತೆ ತಗೊಳ್ಳಲಿಲ್ಲ.

ಅಂದಿನಿಂದ ನೌಶೀನ್‌ಗೆ ಒಂದು ಸದ್ದು ಕೇಳಿಸುತ್ತಿತ್ತು. ಸಂಜೆ ಮಗ್ರಿಬ್ ಹೊತ್ತಿಗೆ ಅಬ್ಬಾ ಮಸೀದಿಗೆ ಹೋಗಿ, ಅಮ್ಮಿ ಒಳಗೆ ನಮಾಜಿಗೆ ನಿಂತಾಗ, ಅಂಗಡಿಯ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿದ್ದ ಎರಡನೇ ಮೆಷಿನ್ನಿನ ಪೆಡಲು ಅಲ್ಲಾಡಿದ ಸದ್ದು. ಕಟ... ಕಟ... ಕಟ... ಅಣ್ಣ ಊರಲ್ಲಿದ್ದಾಗ ಮೆಷಿನ್ನಿನ ಮೇಲೆ ಪುಸ್ತಕ ಇಟ್ಟುಕೊಂಡು, ಕಾಲಲ್ಲಿ ಸುಮ್ಮನೆ ಪೆಡಲು ತುಳಿಯುತ್ತ ಓದುತ್ತಿದ್ದ. ಓಡಿ ಹೋಗಿ ನೋಡಿದರೆ ಪೆಡಲು ನಿಂತೇ ಇರುತ್ತಿತ್ತು.

‘ನನಗೇನಾಗ್ತಿದೆ? ನಾನೂ ಭಾಯ್ ಥರಾ ಆಗ್ತಿದ್ದೀನಾ?’

ಯಾರನ್ನು ಕೇಳುವುದು? ಬಿ.ಕಾಂ. ಕೊನೆಯ ವರ್ಷದ ಪುಸ್ತಕ ತೆರೆದರೆ ಅಕ್ಷರಗಳು ಒಂದರ ಮೇಲೊಂದು ಹತ್ತಿದಂತೆ ಕಾಣುತ್ತಿದ್ದವು. ಮುಚ್ಚಿಟ್ಟು ಕಾಜಾ ಹೊಲಿಯಲು ಕೂರುತ್ತಿದ್ದಳು. ಸೂಜಿ ಹಿಡಿದಷ್ಟು ಹೊತ್ತು ಏನೂ ಯೋಚನೆ ಬರುತ್ತಿರಲಿಲ್ಲ.

ಇಮ್ದಾದ್‌ನ ಪ್ಯಾಂಟನ್ನು ಅವಳೇ ಬಿಗಿ ಮಾಡಿದಳು. ಸಿಟ್ಟಿನಿಂದಲೇ ಹೊಲಿದಳು. ಆದರೂ ಹೊಲಿಗೆ ಅಚ್ಚುಕಟ್ಟಾಗಿಯೇ ಬಂತು, ಅವಳ ಕೈ ಅಂಥದ್ದು.

*

ಆಗಸ್ಟ್ ಕೊನೆಯ ಬುಧವಾರ ಅವನು ಮತ್ತೆ ಬಂದ. ಅಬ್ಬಾ ನೂಲು ತರಲು ಹೋಗಿದ್ದರು. ಅಮ್ಮಿ ಅಜೀಮುನ್ನೀಸಾ ಬಾಗಿಲಲ್ಲಿ ನಿಂತಿದ್ದರು.

“ಕೂತ್ಕೋ ಬೇಟಾ. ಚಾ ಕುಡಿ,” ಅಂದರು ಅಮ್ಮಿ. ಮಗನ ಗೆಳೆಯ ಅಂತ ಗೊತ್ತಾದ ಮೇಲೆ ಅವರಿಗೆ ಅವನ ಮೇಲೆ ಸಿಟ್ಟೇ ಬರುತ್ತಿರಲಿಲ್ಲ. ಅದಕ್ಕೇ ನೌಶೀನ್‌ಗೆ ಇನ್ನಷ್ಟು ಸಿಟ್ಟು!

ಅವನು ಲೋಟ ಹಿಡಿದುಕೊಂಡು ಕೂತ. ಚಾ ಮೇಲೆ ಕೆನೆ ಕಟ್ಟಿತು. ಕುಡಿಯಲಿಲ್ಲ.

“ಏನಾಗ್ಬೇಕಿತ್ತು?” ನೌಶೀನ್ ಮುಖ ಕೊಡದೆ ಕೇಳಿದಳು.

“ಅದೇ... ಎರಡಿಂಚು.”

“ಇಟ್ಟು ಹೋಗಿ. ಶುಕ್ರವಾರ ಬನ್ನಿ.”

ಅವನು ಎದ್ದು ಹೋದ. ಮೆಟ್ಟಿಲಿಳಿದವನು ಒಂದು ಸಲ ತಿರುಗಿ ಅವಳನ್ನೇ ನೋಡಿದ. ಏನನ್ನೋ ಕಾಯುವವನಂತೆ. ಅವಳು ಬೇಕೆಂದೇ ಬೇರೆ ಕಡೆ ನೋಡಿದಳು.

ಅಳತೆ ಬರೆಯಲು ಪುಸ್ತಕ ತೆರೆದಳು. ಇಮ್ದಾದ್‌ನ ಹೆಸರು ಹುಡುಕುತ್ತ ಹಾಳೆ ಮಗುಚುವಾಗ ಹಳೆಯ ಒಂದು ಪುಟ ಸಿಕ್ಕಿತು. ಅಬ್ಬಾನ ದುಂಡು ಅಕ್ಷರ.

ಮುಜಾಫರ್. ಆಗಸ್ಟ್ – ಸೊಂಟ 32. ಅಕ್ಟೋಬರ್ – ಸೊಂಟ 30. ಜನವರಿ – ಸೊಂಟ 28.

ಅದರ ಕೆಳಗೆ ಏನೂ ಇಲ್ಲ. ಇಪ್ಪತ್ತೆಂಟಾದ ಮೇಲೆ ಅಣ್ಣನಿಂದ ಪ್ಯಾಂಟು ಬರಲೇ ಇಲ್ಲ.

ಅವಳು ಆ ಮೂರು ಸಂಖ್ಯೆಗಳನ್ನು ಮತ್ತೆ ಓದಿದಳು.

ಆ ಆಗಸ್ಟಿನ ಮೇಲೆ ಮಗ ಊರಿಗೇ ಬಂದಿರಲಿಲ್ಲ. ಓದಬೇಕು ಅಂತ ಬರೆದಿದ್ದ. ಬಸ್ಸಿನ ಕಂಡಕ್ಟರ್ ಶ್ರೀರಂಗಯ್ಯನ ಕೈಲಿ ಪ್ಯಾಂಟು ಮಾತ್ರ ಬರುತ್ತಿತ್ತು. ಬೇರೆ ಯಾವ ಮನೆಗೆ ಬಂದಿದ್ದರೂ ತಾಯಿ ಆ ಪ್ಯಾಂಟು ಎತ್ತಿ ಹಿಡಿದು, ಅಯ್ಯೋ ಹುಡುಗ ಊಟ ಬಿಟ್ಟಿದ್ದಾನಾ ಅನ್ನುತ್ತಿದ್ದಳು. ಇದು ಟೈಲರ್ ಮನೆ. ಇಲ್ಲಿ ಸೊಂಟ ಅಂದರೆ ಒಂದು ನಂಬರ್. ಅಬ್ಬಾ ನಂಬರ್ ಬರೆದರು. ಅವಳು ಹೊಲಿಗೆ ಬಿಚ್ಚಿ, ಬಿಗಿ ಮಾಡಿ, ಇಸ್ತ್ರಿ ಹಾಕಿ ಕಳಿಸಿದಳು. ಎರಡು ಸಲ! ‘ತಿದ್ದಿದ್ದು ಯಾರಿಗೂ ಗೊತ್ತಾಗಲ್ಲ ನೋಡಿ’ ಅಂತ ಅಬ್ಬಾನ ಹತ್ತಿರ ಹೆಮ್ಮೆಪಟ್ಟಿದ್ದಳು ಬೇರೆ...

ಈ ಕೈಯಿಂದಲೇ... ಈ ಕೈಯಿಂದಲೇ ಅಲ್ಲವೇ!

ಇಮ್ದಾದ್‌ನ ಪುಟ ತೆರೆದಳು. ಜುಲೈ – 30. ಇವತ್ತಿನದು ಬರೆಯಬೇಕಾದ್ದು 28.

‘ಯಾ ಅಲ್ಲಾ! ಇವನೂ...?’

*

ಶುಕ್ರವಾರ ಮಧ್ಯಾಹ್ನ ಅಬ್ಬಾ ಜುಮ್ಮಾ ನಮಾಜಿಗೆ ಹೋಗಿದ್ದರು. ಬೀದಿ ಖಾಲಿಯಾಗಿತ್ತು. ಅವನು ಬಂದಾಗ ನೌಶೀನ್ ಪರದೆಯನ್ನು ಪೂರ್ತಿ ಸರಿಸಿ, ಅಬ್ಬಾನ ಜಾಗದಲ್ಲೇ ಕೂತಿದ್ದಳು.

“ಜುಮ್ಮಾಗೆ ಹೋಗ್ಲಿಲ್ವಾ?”

“ಹೋಗಿದ್ದೆ. ಸಾಲಲ್ಲಿ ನಿಂತ್ರೆ ಪಕ್ಕದಲ್ಲಿ ಅವನೇ ನಿಂತಿದ್ದಾನೆ ಅನ್ಸುತ್ತೆ... ಭುಜ ತಾಗುತ್ತೆ. ಅರ್ಧಕ್ಕೇ ಬಂದ್ಬಿಟ್ಟೆ.”

ಯಾರ ಭುಜ ಅಂತ ಕೇಳುವ ಅಗತ್ಯವಿರಲಿಲ್ಲ.

ಅವಳು ಪ್ಯಾಂಟನ್ನು ತೆಗೆದು ಮುಂದಿಟ್ಟಳು. ಒಂದು ನೂಲೂ ಮುಟ್ಟಿರಲಿಲ್ಲ.

“ಇದನ್ನ ನಾನು ಬಿಗಿ ಮಾಡಲ್ಲ ಕಣ್ರೀ.”

“ಯಾಕೆ?”

“ಊಟ ಮಾಡಿ ಎಷ್ಟು ದಿನ ಆಯ್ತು? ನಿದ್ದೆ ಮಾಡಿ ಎಷ್ಟು ದಿನ ಆಯ್ತು? ಸುಳ್ಳು ಹೇಳ್ಬೇಡಿ, ನನ್ ಮುಖ ನೋಡಿ ಹೇಳಿ.”

ಇಮ್ದಾದ್ ಅವಳ ಮುಖ ನೋಡಿದ. ನೋಡುತ್ತ ನೋಡುತ್ತ ಮೆಟ್ಟಿಲ ಮೇಲೆ ಕುಸಿದು ಕೂತ. ಅವನ ಭುಜಗಳು ಅದುರತೊಡಗಿದವು. ಗಂಡು ಹುಡುಗ ಹಾಗೆ ಬಿಕ್ಕಿ ಬಿಕ್ಕಿ ಅಳುವುದನ್ನು ನೌಶೀನ್ ಯಾವತ್ತೂ ನೋಡಿರಲಿಲ್ಲ.

“ಕೇಳಿದ್ರಿ...” ಅಂದ. “ಕೊನೆಗೂ ಒಬ್ರು ಕೇಳಿದ್ರಿ.”

“ಅಂದ್ರೆ?”

“ಅವನ ಪ್ಯಾಂಟು ಮೆಜೆಸ್ಟಿಕ್‌ಗೆ ತಂದು ಕಂಡಕ್ಟರ್ ಕೈಗೆ ಕೊಡ್ತಿದ್ದೋನು ನಾನೇ. ಮನೆಗೆ ಬರೀತೀನಿ ಕಣೋ ಅಂದ್ರೆ ಮುಜಾಫರ್ ಕುರಾನ್ ಮೇಲೆ ಆಣೆ ಹಾಕಿಸ್ಕೊಂಡಿದ್ದ. ಅಬ್ಬಾಗೆ ಗೊತ್ತಾಗಬಾರ್ದು ಅಂತ. ಸರಿ, ಬಾಯಿಬಿಟ್ಟು ಹೇಳೋದು ಬೇಡ, ಪ್ಯಾಂಟು ಹೋಗ್ತಿದೆಯಲ್ಲ ಅನ್ಕೊಂಡೆ. ಟೈಲರ್ ಮನೆಯವ್ರು! ಸೊಂಟ ನೋಡಿದ್ರೆ ಗೊತ್ತಾಗದೆ ಇರುತ್ತಾ? ಮುಂದಿನ ಬಸ್ಸಲ್ಲೇ ಚಾಚಾ ಬಂದ್ಬಿಡ್ತಾರೆ ಅಂತ ಕಾದೆ. ಪ್ರತಿ ಸಲ ಪ್ಯಾಂಟೇ ವಾಪಸ್ ಬಂತು... ಇಸ್ತ್ರಿ ಹಾಕಿ.”

ನೌಶೀನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆ ಇಸ್ತ್ರಿ ಹಾಕಿದವಳು ಅವಳೇ.

“ಆವತ್ತು ಸಂಜೆ ಬಾರೋ ಚಾ ಕುಡಿಯೋಣ ಅಂದ,” ಇಮ್ದಾದ್ ಹೇಳುತ್ತಲೇ ಹೋದ. “ನಾನು ಯಾವುದೋ ಕೆಲಸಕ್ಕೆ ಅರ್ಜಿ ತುಂಬ್ತಿದ್ದೆ. ಹತ್ತು ನಿಮಿಷ ಇರೋ ಅಂದೆ. ಹತ್ತೇ ನಿಮಿಷ ನೌಶೀನ್! ತಲೆ ಎತ್ತಿದ್ರೆ ಅವನು ರೂಮಲ್ಲಿರ್ಲಿಲ್ಲ... ಮಣ್ಣಿಗೆ ಬರ್ಲಿಲ್ಲ ಅಂದ್ರಲ್ಲ, ಬಂದಿದ್ದೆ. ಖಬರಸ್ತಾನದ ಗೇಟಿನ ಹೊರಗೆ, ಲಾರಿ ಹಿಂದೆ ನಿಂತಿದ್ದೆ. ಚಾಚಾ ಮುಖ ನೋಡೋಕೆ ಧೈರ್ಯ ಬರ್ಲಿಲ್ಲ.”

“ಮತ್ತೆ ಈಗ ಇಲ್ಲಿಗೆ ಯಾಕೆ ಬಂದ್ರಿ? ನಿಮ್ಮೂರಲ್ಲಿ ಟೈಲರ್ ಇಲ್ವಾ?”

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

“ನಂಗೂ ಅವನ ಥರಾನೇ ಆಗ್ತಿದೆ. ಬಾಯಿಬಿಟ್ಟು ಹೇಳೋಕೆ ಬರ್ತಿಲ್ಲ. ಈ ಸಲನಾದ್ರೂ ಈ ಮನೇಲಿ ಯಾರಾದ್ರೂ ಕೇಳ್ತಾರಾ ನೋಡೋಣ ಅಂತ...”

ಅವಳು ಎದ್ದಳು. ಹೊರಗೆ ಬಂದು ಅವನ ಪಕ್ಕದಲ್ಲೇ, ಅದೇ ಮೆಟ್ಟಿಲ ಮೇಲೆ ಕೂತಳು. ಬೀದಿಯಲ್ಲಿ ಯಾರಾದರೂ ನೋಡಿದರೆ ನೋಡಲಿ! ನನಗೂ ಪೆಡಲಿನ ಸದ್ದು ಕೇಳಿಸುತ್ತೆ ಅಂತ ಮೊದಲ ಸಲ ಒಬ್ಬ ಮನುಷ್ಯನಿಗೆ ಹೇಳಿದಳು. ಅವನು ನಗಲಿಲ್ಲ, ಹೆದರಲಿಲ್ಲ. “ಯಾವ ಹೊತ್ತಿಗೆ?” ಅಂತ ಕೇಳಿದ.

ನಮಾಜು ಮುಗಿಸಿ ಬಂದ ಅಬ್ಬಾಗೆ ಕಂಡದ್ದು ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂತು ಅಳುತ್ತಿದ್ದ ಇಬ್ಬರು ಮಕ್ಕಳು. ಅಳತೆ ಪುಸ್ತಕದ ಎರಡು ಪುಟಗಳನ್ನು ನೌಶೀನ್ ಅವರ ಮುಂದೆ ಹಿಡಿದಳು. ಆ ಮನುಷ್ಯ ನಿಂತಲ್ಲೇ ಟೋಪಿ ತೆಗೆದು ಕಣ್ಣೊತ್ತಿಕೊಂಡರು.

ಆಮೇಲೆ ಅಂಗಡಿ ಬಾಗಿಲು ಎಳೆದರು.

“ನಡಿಯಪ್ಪ. ನಿಮ್ಮಪ್ಪನ ಹತ್ರ ನಾನೇ ಬತ್ತೀನಿ.”

ತುರುವೇಕೆರೆಯ ಮೆಕ್ಯಾನಿಕ್ ಶೆಡ್ಡಿನಲ್ಲಿ ಹುಡುಗನನ್ನ ಡಾಕ್ಟರಿಗೆ ತೋರಿಸೋಣ ಅಂದದ್ದಕ್ಕೆ ಇಮ್ದಾದ್‌ನ ತಂದೆ ಮೊದಲು ಕೂಗಾಡಿದರಂತೆ. ಹುಚ್ಚಾಸ್ಪತ್ರೆಗಾ, ನಾಳೆ ಯಾರು ಹೆಣ್ಣು ಕೊಡ್ತಾರೆ, ಜನ ಏನಂತಾರೆ... ಅಬ್ಬಾ ಎಲ್ಲ ಕೇಳಿಸಿಕೊಂಡರು. ನಾಲ್ಕು ಜನ ಗಿರಾಕಿಗಳ ಎದುರಿಗೇ ಹೇಳಿದರು.

“ನನ್ ಮಗ ಟೈಫಾಯ್ಡಿಂದ ಸಾಯ್ಲಿಲ್ಲ ಕಣಪ್ಪ. ಜನ ಏನಂತಾರೋ ಅಂತ ಹಂಗಂದೆ. ಜನ ಏನೂ ಅನ್ಲಿಲ್ಲ. ನನ್ ಮಗನೂ ಉಳೀಲಿಲ್ಲ.”

ಮಾರನೇ ದಿನ ಇಬ್ಬರು ತಂದೆಯರೂ ಸೇರಿ ಇಮ್ದಾದ್‌ನನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ವಾರದೊಳಗೆ ಸುದ್ದಿ ತಿಪಟೂರು ಮುಟ್ಟಿತು. ಈಗ ಅಂಗಡಿಗೆ ಯಾರೂ ಬರುವುದಿಲ್ಲ ಅಂದುಕೊಂಡಳು ನೌಶೀನ್. ಮೊದಲು ಬಂದದ್ದು ಪುಟ್ಟಗಂಗಮ್ಮ. ಅವಳ ಕೈ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದರು.

“ನಮ್ಮಣ್ಣನ್ ಮಗನೂ ಹಿಂಗೇ ಹೋದ ಕಣವ್ವ. ನಾವು ಹೊಟ್ಟೆನೋವು ಅಂದ್ವಿ.”

*

ಇಷ್ಟಾದ ಮೇಲೆ ಪ್ರೀತಿ ಹುಟ್ಟದೆ ಇರುತ್ತದೆಯೇ? ಹುಟ್ಟಿತು. ಆಸ್ಪತ್ರೆಯಿಂದ ಇಮ್ದಾದ್ ಮೂರು ಕಾಗದ ಬರೆದ. ಮಾತ್ರೆ ತಿಂದರೆ ಬಾಯಿ ಒಣಗುತ್ತೆ, ನಿನ್ನೆ ಐದು ಗಂಟೆ ನಿದ್ದೆ ಬಂತು, ಇಲ್ಲಿನ ಡಾಕ್ಟರಮ್ಮ ನಿಮ್ಮಂತೆಯೇ ಗದರಿಸುತ್ತಾರೆ... ನೌಶೀನ್ ಒಂದೊಂದನ್ನೂ ಹತ್ತು ಸಲ ಓದಿದಳು. ಓದುವುದು ಅಂದರೆ ಏನು ಅಂತ ಕಣ್ಣಿಗೆ ಮತ್ತೆ ನೆನಪಾಯಿತು. ಬಿ.ಕಾಂ. ಪುಸ್ತಕವನ್ನೂ ತೆರೆದಳು.

ಆಮೇಲೆ ಕಾಗದ ನಿಂತುಹೋಯಿತು.

ಒಂದು ವಾರ... ಎರಡು ವಾರ... ಐದು ವಾರ! ಅವನು ಗುಣವಾಗಿ ಊರಿಗೆ ಬಂದಿದ್ದಾನೆ ಅಂತ ಬೇರೆಯವರಿಂದ ತಿಳಿಯಿತು. ಅದರ ಮೇಲೆ ಪುಟ್ಟಗಂಗಮ್ಮ ಇನ್ನೊಂದು ಸುದ್ದಿ ತಂದರು.

“ಮೆಕಾನಿಕ್ ಸಾಬ್ರ ಮಗುಂಗೆ ಗುಬ್ಬಿ ಕಡೆ ಹೆಣ್ಣು ನೋಡ್ತಾವ್ರಂತೆ ಕಣವ್ವ!”

‘ಓಹೋ! ಕಷ್ಟಕ್ಕೆ ನಾನು, ಮದುವೆಗೆ ಗುಬ್ಬಿಯವಳು!’ ನೌಶೀನ್ ಆ ದಿನ ಹೊಲಿದ ಕಾಜಾಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಸಂಜೆ ಮಗ್ರಿಬ್ ಹೊತ್ತಿಗೆ ಪೆಡಲಿನ ಸದ್ದು ಮತ್ತೆ ಬಂತು. ಈ ಸಲ ಅವಳು ಎದ್ದು ಹೋಗಿ ನೋಡಲಿಲ್ಲ. “ನೀನೊಬ್ಬನಾದ್ರೂ ಇದ್ದೀಯಲ್ಲ ಭಾಯ್,” ಅಂದಳು ಕತ್ತಲ ಮೂಲೆಗೆ.

ಅಕ್ಟೋಬರಿನಲ್ಲಿ ಕೊನೆಗೂ ಎಂ.ಎ. ಪರೀಕ್ಷೆಯ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಮಧ್ಯಾಹ್ನ ಇಮ್ದಾದ್ ಹೆಗಲಿಗೊಂದು ಚೀಲ ಹಾಕಿಕೊಂಡು ಅಂಗಡಿ ಮುಂದೆ ನಿಂತಿದ್ದ.

“ಬೆಂಗಳೂರಿಗೆ ಹೊರಟೆ. ಮೂರೂವರೆ ಬಸ್ಸು.”

“ಒಳ್ಳೇದಾಗ್ಲಿ.”

“ಚಾಚಾ ಇಲ್ವಾ?”

“ಇಲ್ಲ.”

“ಹೇಗಿದ್ದೀರಾ?”

“ಚೆನ್ನಾಗಿದ್ದೀನಿ. ನೀವು?”

“ಚೆನ್ನಾಗಿದ್ದೀನಿ.”

ಇಬ್ಬರೂ ಹಸಿ ಸುಳ್ಳು ಹೇಳುತ್ತಿದ್ದರು. ಅವನು ತಿರುಗಿ ಎರಡು ಹೆಜ್ಜೆ ಹೋದ. ನೌಶೀನ್‌ಗೆ ತಡೆಯಲಾಗಲಿಲ್ಲ.

“ಗುಬ್ಬಿ ಹುಡುಗಿ ಚೆನ್ನಾಗಿದ್ದಾಳಾ?”

ಅವನು ನಿಂತ. “ನೋಡೇ ಇಲ್ಲ. ಅವರಪ್ಪನಿಗೆ, ನಾನು ಮನಸ್ಸಿನ ಕಾಯಿಲೆಗೆ ಮಾತ್ರೆ ತಗೋತೀನಿ ಅಂತ ಹೇಳ್ದೆ. ಎದ್ದು ಹೋದ್ರು.”

“ಹಾಗಾದ್ರೆ ಕಾಗದ ಯಾಕೆ ನಿಲ್ಸಿದ್ರಿ? ಐದು ವಾರ! ನಾನಿಲ್ಲಿ ಏನೇನು ಅನ್ಕೋಬೇಕು?”

ಇಮ್ದಾದ್ ನೆಲ ನೋಡಿದ.

“ನೀವು ನನ್ನಲ್ಲಿ ಮುಜಾಫರ್‌ನ ನೋಡ್ತೀರಾ ನೌಶೀನ್. ಅವನಿಗೆ ಮಾಡೋಕಾಗದೆ ಹೋದದ್ದನ್ನ ನನಗೆ ಮಾಡ್ತಿದ್ದೀರಾ. ಅದಕ್ಕೆ ಪ್ರೀತಿ ಅಂತ ಹೆಸರಿಟ್ಟು ನಾನು ಬಳಸ್ಕೋಬಾರ್ದು ಅನ್ನಿಸ್ತು. ನಂಗೆ ನೀವಂದ್ರೆ... ನಂಗೆ ತುಂಬಾ ಇಷ್ಟ. ಅದಕ್ಕೇ ಬರೀಲಿಲ್ಲ.”

ಅವಳ ಕಣ್ಣು ತುಂಬಿತು. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಆದರೆ ಸುಳ್ಳಿನ ಸಮಾಧಾನದಿಂದ ಈ ಮನೆಗೆ ಏನಾಯಿತು ಅಂತ ಅವಳಿಗೆ ಗೊತ್ತಿತ್ತು.

“ನೋಡ್ತಿದ್ದೆ,” ಅಂದಳು. “ಆ ಶುಕ್ರವಾರ ಭಾಯ್‌ನೇ ಮೆಟ್ಟಿಲ ಮೇಲೆ ಕೂತಿದ್ದಾನೆ ಅನ್ಸಿತ್ತು. ಮೊದಲನೇ ಕಾಗದ ಬಂದಾಗ್ಲೂ ಹಾಗೇ ಇತ್ತು. ಮೂರನೇದು ಬರೋ ಹೊತ್ತಿಗೆ ಇರ್ಲಿಲ್ಲ. ಅದು ನಿಮ್ಮದೇ ಕಾಗದ, ನಾನು ಕಾಯ್ತಿದ್ದಿದ್ದು ನಿಮ್ಮನ್ನೇ. ಗುಬ್ಬಿಯವಳ ಸುದ್ದಿ ಕೇಳಿ ಮೈಯೆಲ್ಲ ಉರೀತು. ಅಣ್ಣನಿಗೆ ಹೆಣ್ಣು ನೋಡಿದ್ರೆ ತಂಗಿಗೆ ಹೊಟ್ಟೆ ಉರಿಯುತ್ತೇನ್ರೀ?”

ಅವನು ನಕ್ಕುಬಿಟ್ಟ. ಅವಳು ಅವನ ನಗು ನೋಡಿದ್ದು ಅದೇ ಮೊದಲು. ನಗು ಬೇಗ ಮಾಸಿತು.

“ಅವನು ನನ್ನ ಬಿಟ್ಟು ಹೋಗಲ್ಲ ನೌಶೀನ್. ನಾಳೆ ಪರೀಕ್ಷೆ ಹಾಲಲ್ಲೂ ಪಕ್ಕದಲ್ಲಿ ಕೂತಿರ್ತಾನೆ.”

“ನನ್ನನ್ನೂ ಬಿಟ್ಟು ಹೋಗಲ್ಲ. ಇರ್ಲಿ ಬಿಡಿ. ನಮ್ಮಿಬ್ಬರ ಜೊತೆ ಅವನೂ ಇರ್ಲಿ.”

ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರನ್ ಕೇಳಿಸಿತು. ಅವನು ಗಡಿಯಾರ ನೋಡಿಕೊಂಡ. ಹೊರಡಲಿಲ್ಲ. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದ.

ನೌಶೀನ್ ಮೆಟ್ಟಿಲಿಳಿದು ಅವನ ಎದುರಿಗೆ ಬಂದು ನಿಂತಳು.

“ಇಮ್ದಾದ್, ನಿಜ ಹೇಳಿ. ಹೇಗಿದ್ದೀರಾ?”

ಅವನು ಚೀಲದ ಪಟ್ಟಿಯನ್ನು ಕೈಬಿಟ್ಟ.

“ಇವತ್ತು ಚೆನ್ನಾಗಿಲ್ಲ ನೌಶೀನ್. ಒಬ್ಬನೇ ಬಸ್ಸು ಹತ್ತೋಕೆ ಭಯ ಆಗ್ತಿದೆ.”

ಮುಜಾಫರ್ ಯಾರ ಹತ್ತಿರವೂ ಹೇಳದೆ ಹೋದ ಮಾತು ಅದು. ಅವಳಿಗೆ ಅಳುವೂ ಬಂತು, ಪ್ರಾಣ ಬಂದಂತೆಯೂ ಆಯಿತು.

“ಇರಿ,” ಅಂದಳು, ಕಣ್ಣೊರೆಸಿಕೊಳ್ಳುತ್ತ. “ಅಮ್ಮಿಗೆ ಹೇಳಿ, ಚಪ್ಪಲಿ ಹಾಕ್ಕೊಂಡು ಬತ್ತೀನಿ.”